ಫಸ್ಟ್ ಕಾಪಿ ಸೆಂಟು, ನಮ್ಮತ್ತೆಯ ಸೀರೆ

ಕೆ.ಆರ್. ಪೇಟೆಯಲ್ಲಿ ನಿಂತುಕೊಂಡು ಹಸುವಿನ ವಾಸನೆ ಬರುತ್ತದೆ ಎಂದು ಮೂಗು ಮುಚ್ಚುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅಲ್ಲ ಸ್ವಾಮಿ, ನಮ್ಮ ಕಡೆ ಹಸುವಿನ ಹಂಗಿಲ್ಲದ ಮನೆ ಯಾವುದಿದೆ? ಬೆಳಿಗ್ಗೆ ಬಸ್ಸು ಹತ್ತಿದರೆ ಅರ್ಧ ಜನ ಡೈರಿಗೆ ಹಾಲು ಹಾಕಿಯೇ ಬಂದಿರುತ್ತಾರೆ. ಮೇಷ್ಟ್ರ ಪ್ಯಾಂಟಿನ ಅಂಚಿನಲ್ಲೂ ಬೂಸಾ ಅಂಟಿರುತ್ತದೆ. ಇಂಥ ಊರಿನಲ್ಲಿ ಒಬ್ಬ ಹೆಂಗಸನ್ನು ಪಕ್ಕಕ್ಕೆ ಕರೆದು, ನಿನ್ನ ಮೈಮೇಲೆ ಕೊಟ್ಟಿಗೆ ವಾಸನೆ ಎಂದು ಹೇಳಬೇಕಾದರೆ ಎಂಥ ಗುಂಡಿಗೆ ಬೇಕು! ಆ ಗುಂಡಿಗೆ ನಮ್ಮ ಸಾವ್ಕಾರ್ರಿಗೆ ಇತ್ತು.

ನಾನು ಪೇಟೆಬೀದಿಯ ಒಂದು ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವವಳು. ಮದುವೆಗೆ ಜವಳಿ ತೆಗೆಯುವುದೆಂದರೆ ನಮ್ಮ ಕಡೆ ಹುಡುಗಾಟವಲ್ಲ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಸೋದರತ್ತೆ, ದೊಡ್ಡಮ್ಮ, ಎಲ್ಲರೂ ಒಂದು ಟೆಂಪೋ ತುಂಬ ಬಂದಿಳಿಯುತ್ತಾರೆ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಅವರ ನಡುವೆ ಹಾಸಿನ ಮೇಲೆ ಕೂತು, ಇಲ್ಲಿ ಯಾರ ಮಾತು ನಡೆಯುತ್ತದೆ ಎಂದು ಮುಖ ನೋಡಿಯೇ ತಿಳಿದುಕೊಂಡು, ಧಾರೆ ಸೀರೆಯಿಂದ ಹಿಡಿದು ಅಜ್ಜಿಯ ಸೀರೆಯವರೆಗೆ ಎಲ್ಲರನ್ನೂ ಒಪ್ಪಿಸಿ ಕಳಿಸುವುದು ನನ್ನ ಕೆಲಸ. ಆ ಕೆಲಸ ನನಗೆ ಬರುತ್ತದೆ, ನನಗೆ ಇಷ್ಟ ಕೂಡ.

ಒಂದು ದಿನ ಬೆಳಿಗ್ಗೆ ಸಾವ್ಕಾರ್ರು ಕರೆದರು. ‘ನೋಡಮ್ಮ, ಬೇಜಾರ್ ಮಾಡ್ಕಬೇಡ. ಗಿರಾಕಿಗಳು ಏಳ್ತಾವ್ರೆ, ಕೊಟ್ಟಿಗೆ ವಾಸ್ನೆ ಬತ್ತದೆ ಅಂತ. ಒಂದ್ ಸೆಂಟೋ ಗಿಂಟೋ ಹಾಕ್ಕಂಡ್ ಬಾ. ಇಲ್ಲಾಂದ್ರೆ ಮ್ಯಾಕ್ ಹೋಗಿ ಗೋಡೌನ್‌ನಲ್ಲಿ ಮಡಿಸೋ ಕೆಲ್ಸ ನೋಡ್ಕ’ ಎಂದರು.

ಗೋಡೌನ್ ಎಂದರೆ ಮಹಡಿಯ ಮೇಲಿನ ತಗಡಿನ ಕೋಣೆ. ಕಿಟಕಿಯಿಲ್ಲ. ಅಲ್ಲಿಗೆ ಹೋದವರು ಮತ್ತೆ ಕೆಳಗೆ ಬಂದದ್ದನ್ನು ನಾನು ನೋಡಿಲ್ಲ. ಮದುವೆಗಳ ಕಾಲ ಮುಗಿದ ಮೇಲೆ, ‘ಬೇಕಾದಾಗ ಹೇಳಿ ಕಳಿಸ್ತೀವಿ’ ಎಂದು ಮನೆಗೆ ಕಳಿಸುತ್ತಾರೆ, ಹೇಳಿ ಕಳಿಸುವುದಿಲ್ಲ. ನನಗೂ ಅದೇ ಗತಿ ಬರುತ್ತದೆ ಎಂದು ಆಗಲೇ ಗೊತ್ತಾಯಿತು.

ಮೈಗೆ ವಾಸನೆ ಹತ್ತಿದ್ದು ನಿಜವೇ ಇರಬಹುದು. ಅದಕ್ಕೆ ಕಾರಣವಿತ್ತು. ಪಾಂಡವಪುರದಿಂದ ಕೆ.ಆರ್. ಪೇಟೆಗೆ ಬರುವ ದಾರಿಯಲ್ಲಿ ನಮ್ಮೂರು. ಮನೆಯಲ್ಲಿ ಒಂದು ಹಸು, ಅದರದೊಂದು ಕರು. ಹಾಲು ಕರೆಯುತ್ತಿದ್ದವರು ನಮ್ಮತ್ತೆ. ಅವರು ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಪಾಂಡವಪುರದ ಆಸ್ಪತ್ರೆಯಲ್ಲಿ ಮೊಣಕೈವರೆಗೆ ಪ್ಲಾಸ್ಟರಿನ ಪಟ್ಟು ಹಾಕಿ ಕಳಿಸಿದರು. ನನ್ನ ಗಂಡ ಕರೆಯಬಹುದಿತ್ತಲ್ಲ ಎನ್ನಬೇಡಿ. ಆ ಹಸು ಗಂಡಸರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಅವರಿಗೂ ಅದೇ ಬೇಕಾಗಿತ್ತು. ಸರಿ, ಬೆಳಗಿನ ಹಾಲೂ ಸಂಜೆಯ ಹಾಲೂ ನನ್ನ ತಲೆಗೆ ಬಂತು. ಹಸು ನಾಲ್ಕು ದಿನ ಒದ್ದು, ಆಮೇಲೆ ಒಪ್ಪಿಕೊಂಡಿತ್ತು.

ಸಾವ್ಕಾರ್ರು ಹೇಳಿದ ವಾರವೇ ತವರಿಗೆಂದು ಶ್ರೀರಂಗಪಟ್ಟಣಕ್ಕೆ ಹೋದವಳು ಬಸ್‌ಸ್ಟಾಂಡಿನ ಹಿಂದಿನ ಬೀದಿಯಲ್ಲಿ ಸೆಂಟಿನ ಅಂಗಡಿ ಹೊಕ್ಕೆ. ಅಂಗಡಿಯಾತ ಮುಂಗೈ ಮೇಲೆ ಒಂದೊಂದಾಗಿ ಹೊಡೆದು ತೋರಿಸಿದ. ನಡುವೆ, ಹಿಂದಿನ ವಾಸನೆ ಮರೆಯಲೆಂದು ಮೂಗಿಗೆ ಕಾಫಿಪುಡಿಯ ಡಬ್ಬಿ ಹಿಡಿದ. ಕೊನೆಗೊಂದು ಬಂತು ನೋಡಿ, ಆಲೆಮನೆಯ ಪಕ್ಕ ಮಲ್ಲಿಗೆ ಮುಡಿದು ನಿಂತ ಹಾಗೆ ಇತ್ತು. ಶಿವನೇ, ಎಷ್ಟು ಚೆನ್ನಾಗಿತ್ತು! ‘ಇದು ಫಸ್ಟ್ ಕಾಪಿ ಅಕ್ಕ. ಫಾರಿನ್ನಿಂದು ಒರಿಜಿನಲ್ಲು ನಮ್ಮಂಥೋರ ಕೈಗೆ ಎಟುಕಲ್ಲ. ಆದ್ರೆ ಪಕ್ಕದಲ್ಲಿಟ್ರೂ ಗೊತ್ತಾಗಲ್ಲ’ ಎಂದ. ಅವನು ಸುಳ್ಳು ಹೇಳಲಿಲ್ಲ. ಕಾಪಿ ಎಂದೇ ಹೇಳಿ ಕೊಟ್ಟ, ಕಾಪಿ ಎಂದೇ ತಿಳಿದು ತಂದೆ.

ಮಾರನೆಯ ದಿನ ಹಾಕಿಕೊಂಡು ಹೋದೆ. ಸಾವ್ಕಾರ್ರ ಮುಖ ಅರಳಿತು. ‘ಇಂಗಿರಬೇಕು ಕಣಮ್ಮ’ ಎಂದರು. ಜೊತೆಯ ಹುಡುಗಿಯರು ಕತ್ತಿನ ಹತ್ತಿರ ಮೂಗು ತಂದು ಮೂಸಿದರು. ಗೋಡೌನಿನ ಭಯ ಹೋಯಿತು ಎಂದುಕೊಂಡು ಸಂಜೆ ಮನೆಗೆ ಬಂದು, ಚೊಂಬು ಹಿಡಿದು ಹಸುವಿನ ಹತ್ತಿರ ಹೋದೆ.

ಅಷ್ಟೇ! ಹಸು ಒಮ್ಮೆ ನನ್ನ ಕಡೆ ಮೂತಿ ತಿರುಗಿಸಿ ಬುಸ್ ಎಂದಿತು. ಕೆಚ್ಚಲಿಗೆ ಕೈ ಹಾಕಿದ ಕೂಡಲೇ ಚೊಂಬು ಗೋಡೆಗೆ ಹೋಗಿ ಬಿತ್ತು. ಕರು ಬಿಟ್ಟು ಕುಡಿಸಿದೆ, ಹಿಂಡಿ ಇಟ್ಟೆ, ಕತ್ತಿನ ಕೆಳಗಿನ ಗಂಗೆದೊಗಲು ನೀವಿದೆ. ಊಹೂಂ. ಹಾಲನ್ನೆಲ್ಲ ಮೇಲಕ್ಕೆ ಎಳೆದುಕೊಂಡುಬಿಟ್ಟಿತ್ತು. ಹೋಗಿ ಸೋಪು ಹಾಕಿ ತಿಕ್ಕಿ ತೊಳೆದುಕೊಂಡು ಬಂದೆ. ಆ ದರಿದ್ರ ಸೆಂಟು ಹೋದರೆ ತಾನೆ!

ನಮ್ಮತ್ತೆ ಪಟ್ಟಿನ ಕೈಯನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಬಂದರು. ‘ಅಯ್ಯೋ ನಿನ್ ಮನೆ ಕಾಯೋಗ, ಅದೇನ್ ಬಳ್ಕಂಡ್ ಬಂದಿದ್ದೀಯೆ? ನಂಗೇ ತಲೆ ತಿರುಗ್ತಾ ಅದೆ, ಇನ್ನ ಅದ್ಕೆಂಗಾಗ್ಬೇಡ? ಓಗು, ನನ್ ಸೀರೆ ಉಟ್ಕಂಡ್ ಬಾ. ಒಗ್ದಿರೋದಲ್ಲ ಕಣಮ್ಮಿ, ನೆನ್ನೆ ಬಿಚ್ಚಾಕಿರೋದು.’

ನಮ್ಮ ಕಡೆ ಇದು ಹಳೆಯ ರೂಢಿ. ಕೈ ಬದಲಾಗಿ ಹಸು ಹಾಲು ಬಿಡದಿದ್ದಾಗ, ಮೊದಲು ಕರೆಯುತ್ತಿದ್ದವರು ಉಟ್ಟ ಸೀರೆಯನ್ನೇ ಉಟ್ಟು ಹಸುವಿನ ಹತ್ತಿರ ಹೋಗುತ್ತಾರೆ. ಅತ್ತೆಯ ಬೆವರು, ಎಲೆಅಡಿಕೆ, ಒಲೆಯ ಹೊಗೆ, ಸಗಣಿ ಎಲ್ಲ ಸೇರಿದ ಆ ಸೀರೆಯನ್ನು ಸುತ್ತಿಕೊಂಡು ಸೆರಗನ್ನು ತಲೆ ಮೇಲೆ ಹೊದ್ದು ಕೂತೆ. ಹಸು ಮೂಸಿತು. ನಿಟ್ಟುಸಿರು ಬಿಟ್ಟಿತು. ಹಾಲು ಇಳಿಯಿತು. ಅಲ್ಲಿಗೆ ಅಂಗಡಿಗೊಂದು ಕಾಪಿ, ಹಸುವಿಗೊಂದು ಕಾಪಿ. ಅವರಿಗೆ ಬೇಡದ ವಾಸನೆ ಇದಕ್ಕೆ ಬೇಕು, ಇದಕ್ಕೆ ಬೇಡದ ವಾಸನೆ ಅವರಿಗೆ ಬೇಕು. ಇಬ್ಬರ ನಡುವೆ ನನ್ನ ಮೈ ನನ್ನದಲ್ಲವೇನೋ ಎಂಬಂತಾಯಿತು. ಆದರೂ ಹೊಟ್ಟೆಪಾಡು, ಹಾಗೇ ನಡೆಸಿದೆ.

ಅಷ್ಟರಲ್ಲಿ ಸಾವ್ಕಾರ್ರ ಹೆಂಡತಿ ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ನಾವೆಲ್ಲ ಅವರನ್ನು ಅಮ್ಮಾವ್ರು ಎನ್ನುತ್ತೇವೆ. ಅವರು ಒಳಗೆ ಕಾಲಿಟ್ಟಾಗ ನನಗೆ ದಿಗಿಲಾಯಿತು. ಆಲೆಮನೆ, ಮಲ್ಲಿಗೆ! ಅದೇ ವಾಸನೆ. ನಾನು ಸುಮ್ಮನೆ ಸೀರೆ ಮಡಿಸುತ್ತಿದ್ದೆ. ಅವರು ನನ್ನನ್ನು ದಾಟಿ ಹೋದವರು ಹಿಂದಕ್ಕೆ ಬಂದರು.

‘ಏನಮ್ಮ, ಇದು ನನ್ನ ಸೆಂಟಲ್ವಾ?’

‘ಇಲ್ಲ ಅಮ್ಮಾರೇ, ಶ್ರೀರಂಗಪಟ್ಣದಲ್ಲಿ ತಗಂಡಿದ್ದು’ ಎಂದೆ.

‘ಡೂಪ್ಲಿಕೇಟು ಅನ್ನು. ನಂದು ನಮ್ಮ ನಾದಿನಿ ದುಬೈನಿಂದ ತಂದ್ಕೊಟ್ಟಿದ್ದು, ಒರಿಜಿನಲ್ಲು. ನೀನು ಹಾಕ್ಕಂಡು ಇಲ್ಲೇ ಓಡಾಡಿದ್ರೆ ಜನ ಏನಂತಾರೆ? ನಂದೂ ಡೂಪ್ಲಿಕೇಟೇ ಅನ್ಕಳಲ್ವಾ? ನಾಳೆಯಿಂದ ಇದನ್ನ ಹಾಕ್ಕಂಡು ಬರಬೇಡ.’

ಗಿರಾಕಿಗಳ ಎದುರಿಗೇ ಹೇಳಿದರು. ಸಾವ್ಕಾರ್ರು ಗಲ್ಲಾದ ಹಿಂದೆ ಮೊಬೈಲು ನೋಡುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ. ಆಮೇಲೆ ಮೆಲ್ಲಗೆ, ‘ಬೇರೆ ಯಾವ್ದಾದ್ರೂ ತಗಳಮ್ಮ’ ಎಂದರು. ಹಾಕಿಕೊಂಡು ಬಾ ಎಂದದ್ದೂ ಇದೇ ಬಾಯಿ! ನನಗೆ ಕಣ್ಣಲ್ಲಿ ನೀರು ಬರಲಿಲ್ಲ, ಬೆಂಕಿ ಬಂತು. ಅವರ ಮೈಮೇಲಿದ್ದರೆ ಪರಿಮಳ, ನನ್ನ ಮೈಮೇಲೆ ಬಂದರೆ ಕಳ್ಳಮಾಲು. ಮೂಗಿಗೆ ಗೊತ್ತಾಗದ ವ್ಯತ್ಯಾಸ ಸಂಬಳ ಕೊಡುವವರಿಗೆ ಗೊತ್ತಾಗುತ್ತದೆ ನೋಡಿ.

ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಆಗ ನನ್ನ ತೊಡೆಯ ಮೇಲಿದ್ದದ್ದು ಯಾವ ಸೀರೆ ಗೊತ್ತೇ? ಸೆಮಿ ಸಿಲ್ಕು. ಪಾಲಿಯೆಸ್ಟರಿಗೆ ಜರಿಯಂತೆ ಹೊಳೆಯುವ ದಾರ ಹಾಕಿ, ರೇಷ್ಮೆ ಸೀರೆಯ ಅಂಚನ್ನು ಇದ್ದ ಹಾಗೆಯೇ ಇಳಿಸಿದ್ದು. ಗಿರಾಕಿಗಳಿಗೆ ಅದನ್ನು ತೋರಿಸುವಾಗ ಏನು ಹೇಳಬೇಕು ಎಂದು ಸಾವ್ಕಾರ್ರೇ ನಮಗೆ ಕಲಿಸಿದ್ದರು: ‘ರೇಷ್ಮೆ ಪಕ್ಕದಲ್ಲಿಟ್ರೂ ಗೊತ್ತಾಗಲ್ಲ ಅಕ್ಕ ಅನ್ನಿ.’ ಆ ಅಂಗಡಿಯ ಅರ್ಧ ವ್ಯಾಪಾರ ನಡೆಯುವುದೇ ಆ ಕಾಪಿಗಳಿಂದ. ಆ ವ್ಯಾಪಾರದ ಅನ್ನ ಉಣ್ಣುವವರು ನನಗೆ ಡೂಪ್ಲಿಕೇಟು ಎಂದರು.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲವನ್ನೂ ಕಾರಿಕೊಂಡೆ. ಅತ್ತೆ ಎಲೆ ಮಡಿಸುತ್ತಿದ್ದವರು ನಿಲ್ಲಿಸಿದರು. ‘ವರ್ಸ ವರ್ಸ ಅಬ್ಬಕ್ಕೆ ನಮ್ಮನೆ ತುಪ್ಪ ತಿನ್ನೋಳಲ್ವೇನೆ ಅವ್ಳು? ತುಪ್ಪ ಘಮ್ ಅಂತದೆ ಅಂತಾಳಲ್ಲ, ಅದೇನ್ ಮರದ ಮ್ಯಾಲೆ ಬಿಟ್ಟಿತ್ತಾ?’ ಎಂದರು. ನಿಜ. ಗೌರಿ ಹಬ್ಬಕ್ಕೆ ಒಂದು ಡಬ್ಬಿ ತುಪ್ಪ ಅವರ ಮನೆಗೆ ನಮ್ಮಿಂದಲೇ ಹೋಗುತ್ತಿತ್ತು. ಬೆಣ್ಣೆ ಕಾಯಿಸಿ, ಇಳಿಸುವಾಗ ವೀಳ್ಯದೆಲೆ ಹಾಕಿದ ತುಪ್ಪ. ಅಮ್ಮಾವ್ರು ಮುಚ್ಚಳ ತೆಗೆದು ಕಣ್ಣು ಮುಚ್ಚಿ ಮೂಸುತ್ತಿದ್ದರು.

ಆ ಸೆಂಟಿನ ಸೀಸೆಯನ್ನು ಅತ್ತೆಯೇ ಇಸಿದುಕೊಂಡರು. ಪಟ್ಟಿನೊಳಗೆ ಬೆವೆತು ನಾರುತ್ತಿತ್ತಂತೆ, ಅದರ ಸಂದಿಗೆ ಹೊಡೆದುಕೊಂಡರು. ‘ನಾರೋದ್ನ ಮುಚ್ಚಕೇ ಅಲ್ವಾ ಇದು ಇರೋದು’ ಎಂದರು.

ಮಾರನೆಯ ದಿನ ಏನೂ ಹಾಕದೆ ಹೋದೆ. ಬೇರೆ ಸೆಂಟು ಕೊಳ್ಳಲು ನನಗೇನು ಹುಚ್ಚೇ? ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು ಹೋದೆ. ಸಾವ್ಕಾರ್ರು ಬೆರಳೆತ್ತಿ ಮಹಡಿ ತೋರಿಸಿದರು. ಮೇಲೆ ಹೋಗಿ ತಗಡಿನ ಕೆಳಗೆ ಕೂತು ಮಡಿಸತೊಡಗಿದೆ. ಕೆಳಗೆ ಗಿರಾಕಿಗಳ ಗಲಾಟೆ ಕೇಳುತ್ತಿತ್ತು. ಯಾವ ಹುಡುಗಿ ಯಾವ ಸೀರೆ ತೋರಿಸಿ ಕೆಡಿಸುತ್ತಿದ್ದಾಳೆ ಎಂದು ಮೇಲಿನಿಂದಲೇ ಗೊತ್ತಾಗುತ್ತಿತ್ತು, ಕೈ ಹಿಸುಕಿಕೊಳ್ಳುತ್ತಿದ್ದೆ.

ಹೀಗೇ ಕೆಲವು ದಿನ ಕಳೆದ ಮೇಲೆ ನಾಗಮಂಗಲದ ಕಡೆಯಿಂದ, ಹೊಣಕೆರೆ ಹತ್ತಿರದ ಒಂದು ಮನೆಯವರು ಜವಳಿ ತೆಗೆಯಲು ಬಂದರು. ಅವರ ದೊಡ್ಡ ಮೊಮ್ಮಗಳ ಮದುವೆಗೂ ನಾನೇ ಸೀರೆ ತೋರಿಸಿದ್ದೆ. ಅವರಲ್ಲಿ ಮಾತು ನಡೆಯುವುದು ಅಜ್ಜಿಯದು. ಹುಡುಗಿಯರು ತೋರಿಸಿದ ಯಾವ ಸೀರೆಯನ್ನೂ ಅಜ್ಜಿ ಒಪ್ಪಲಿಲ್ಲವಂತೆ. ‘ಓದ್ಸಲ ತೋರ್ಸಿದ್ಲಲ್ಲ, ಆ ಎಣ್ಮಗಳೆಲ್ಲಿ? ಅವ್ಳ್ನ ಕರೀರಿ. ಇಲ್ಲಾಂದ್ರೆ ನಡೀರ್ಲಾ, ಬ್ಯಾರೆ ಅಂಗ್ಡಿಗ್ ಓಗಾನ’ ಎಂದು ಎದ್ದು ನಿಂತಿತಂತೆ. ಟೆಂಪೋ ತುಂಬ ಬಂದ ವ್ಯಾಪಾರ! ಸಾವ್ಕಾರ್ರೇ ಮೆಟ್ಟಿಲು ಹತ್ತಿ ಬಂದು ನನ್ನನ್ನು ಕರೆದರು.

ನಾನು ಇಳಿದು ಹೋಗಿ ಹಾಸಿನ ತುದಿಯಲ್ಲಿ ಕೂತೆ. ಸಾವ್ಕಾರ್ರ ಮಾತು ತಲೆಯಲ್ಲಿತ್ತಲ್ಲ, ಬೇಕೆಂದೇ ದೂರ ಕೂತೆ. ಅಜ್ಜಿ ಸೀರೆ ನೋಡುವುದು ಬಿಟ್ಟು ಮೂಗು ಅರಳಿಸಿತು. ನಾನು ಇನ್ನಷ್ಟು ಹಿಂದಕ್ಕೆ ಸರಿದೆ.

‘ಅಸ ಕಟ್ಟಿದ್ದೀಯೇನವ್ವ?’

‘ಊಂ ಕಣಜ್ಜಿ. ಒಂದದೆ.’

‘ಕರಾನೂ ಅದೆ ಅಲ್ವಾ? ಅದೇ ಅನ್ಕಂಡೆ. ಎಳೇ ಕರುವಿನ್ ವಾಸ್ನೆ. ನಮ್ಮನೇಲಿ ಅಸ ಮಾರ್ದಾಗ್ನಿಂದ ಈ ವಾಸ್ನೆನೇ ಇಲ್ಲ ಕಣವ್ವ, ಮನೆ ಮನೆಯಂಗೇ ಇಲ್ಲ. ಬಾ, ಯಾಕಷ್ಟ್ ದೂರ ಕುಂತಿದ್ದೀಯೆ? ನನ್ ಪಕ್ಕಕ್ ಬಾ.’

ಹೋಗಿ ಪಕ್ಕದಲ್ಲಿ ಕೂತೆ. ಅಜ್ಜಿ ನನ್ನ ಮೊಣಕೈ ಹಿಡಿದುಕೊಂಡೇ ಸೀರೆ ನೋಡಿತು. ಆ ಹೊತ್ತಿಗೆ ಅಮ್ಮಾವ್ರು ಬಂದು, ದೊಡ್ಡ ವ್ಯಾಪಾರವೆಂದು ನಮ್ಮ ಹಿಂದೆಯೇ ನಗುತ್ತಾ ನಿಂತರು. ಅಜ್ಜಿ ತಿರುಗಿ ನೋಡಿ ಸೆರಗನ್ನು ಮೂಗಿಗೆ ಹಿಡಿಯಿತು. ‘ಯಾರವ್ವ ಅದು ಸೆಂಟ್ ಸುರ್ಕಂಡಿರೋದು? ತಲೆ ಸಿಡೀತದೆ ನಂಗೆ. ವಸಿ ಆ ಕಡಿಕ್ ನಿಂತ್ಕಳವ್ವ ತಾಯಿ.’

ಅಜ್ಜಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಅಮ್ಮಾವ್ರು ಆ ಕಡೆಗೆ ಸರಿದರು. ನಾನು ನಗಲಿಲ್ಲ, ನಕ್ಕರೆ ಧಾರೆ ಸೀರೆಯ ವ್ಯಾಪಾರ ಕೆಡುತ್ತಿತ್ತು.

ಟೆಂಪೋ ಹೊರಟ ಮೇಲೆ ಸಾವ್ಕಾರ್ರು, ‘ನಾಳೆಯಿಂದ ಕೆಳಗೇ ಇರಮ್ಮ’ ಎಂದರು.

‘ವಾಸ್ನೆ ಅಂತ ಹೇಳಿದ್ ಗಿರಾಕಿ ಯಾರು ಸಾವ್ಕಾರ್ರೇ?’ ಎಂದು ಕೇಳಿದೆ. ಕೇಳಲೇಬೇಕಿತ್ತು. ಅವರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಗಾಜಿನ ಕಪಾಟಿನ ಕಡೆ ನೋಡಿದರು. ಹಾಗಾದರೆ ಗಿರಾಕಿ ಯಾರೂ ಇರಲಿಲ್ಲ! ನನ್ನನ್ನು ತಗಡಿನ ಕೆಳಗೆ ಕೂರಿಸಿದ್ದು ಅಮ್ಮಾವ್ರೊಬ್ಬರ ಮೂಗು.

ಗೌರಿ ಹಬ್ಬ ಹತ್ತಿರ ಬಂತು. ಅತ್ತೆಯ ಪಟ್ಟು ಬಿಚ್ಚಿದ್ದರು, ಅವರೇ ಬೆಣ್ಣೆ ಕಾಯಿಸಿದರು. ಒಂದು ಸಂಜೆ ನಾನು ಬಸ್ಸಿಗೆ ಹೊರಟಿದ್ದಾಗ ಅಮ್ಮಾವ್ರು ಬಾಗಿಲ ಹತ್ತಿರ ಬಂದು, ಯಾರಿಗೂ ಕೇಳಿಸದಂತೆ, ‘ಹಬ್ಬಕ್ಕೆ ತುಪ್ಪ ತರ್ತೀಯಲ್ವಾ?’ ಎಂದರು.

‘ಇಲ್ಲ ಅಮ್ಮಾರೇ’ ಎಂದೆ. ‘ಅಂಗಡೀಲಿ ಪ್ಯಾಕೆಟ್ ತುಪ್ಪ ಸಿಕ್ತದೆ, ತಗಳಿ. ಪಕ್ಕದಲ್ಲಿಟ್ರೂ ಗೊತ್ತಾಗಲ್ಲ.’

ಆ ಹಬ್ಬದಲ್ಲಿ ತುಪ್ಪವನ್ನು ಅತ್ತೆ ನನ್ನ ಎಲೆಗೆ, ಬೇಡ ಬೇಡ ಎಂದರೂ ಬಿಡದೆ, ಒಬ್ಬಟ್ಟು ಮುಳುಗುವಷ್ಟು ಸುರಿದರು.