ಬ್ಯಾರನ್ ಮುಂದಿನ ಫೋಟೊ

ಕಳೆದ ತಿಂಗಳು ಹುಣಸೂರಿನ ಹಳೆಯ ಡಿಟಿಪಿ ಅಂಗಡಿಯೊಂದನ್ನು ಖಾಲಿ ಮಾಡಿದರು. ಅದರ ಮಾಲೀಕರು ಸಂಕ್ರಾಂತಿಗೆ ಮುಂಚೆ ತೀರಿಕೊಂಡಿದ್ದರು. ಎರಡು ಪ್ರಿಂಟರ್, ಒಂದು ಟೈಪ್‌ರೈಟರ್, ಕಾಗದದ ಕಟ್ಟುಗಳು ಗೂಡ್ಸ್ ಆಟೊ ಏರಿದವು. ಪ್ರಿಂಟರ್ ಎತ್ತುವಾಗ ಒಳಗಿನ ಕಪ್ಪು ಪುಡಿ ಚೆಲ್ಲಿ, ಅದರ ಸುಟ್ಟಂಥ ವಾಸನೆ ರಸ್ತೆಯವರೆಗೂ ಬಂತು. ನಾನು ಬಸ್ಸಿಗೆ ಹೊರಟಿದ್ದವನು ಅಲ್ಲೇ ನಿಂತೆ...

ಊರಿನಲ್ಲಿ ಅವರನ್ನು ಎಲ್ಲರೂ ಟೈಪಿಂಗ್ ಮೇಷ್ಟ್ರು ಎನ್ನುತ್ತಿದ್ದರು. ಬೆರಳಚ್ಚು ಕಲಿಸುವ ಕಾಲ ಮುಗಿದ ಮೇಲೆ ಅದೇ ಕೋಣೆಯಲ್ಲಿ ಲಗ್ನಪತ್ರಿಕೆ, ಅರ್ಜಿ, ಜೆರಾಕ್ಸ್ ಮಾಡಿಕೊಂಡಿದ್ದರು. ನಾನು ಆಗಲೂ ಈಗಲೂ ಮೈಸೂರಿನ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ.

ಏಳೆಂಟು ವರ್ಷದ ಹಿಂದಿನ ಮಾತು. ಮಹಾಲಯ ಅಮಾವಾಸ್ಯೆಗೆ ಮೂರು ದಿನ ಇತ್ತು. ಗಾವಡಗೆರೆ ಕಡೆಯ ಹಳ್ಳಿಯಿಂದ ಹೆಂಗಸೊಬ್ಬರು ನನ್ನ ಮನೆ ಹುಡುಕಿಕೊಂಡು ಬಂದರು. ಅವರ ಗಂಡ ಆ ವರ್ಷ ತೀರಿಕೊಂಡಿದ್ದ. ಅಮಾವಾಸ್ಯೆಯಂದು ಮೊದಲ ಸಲ ಅವನಿಗೆ ಎಡೆ ಇಡಬೇಕು, ಎಡೆಯ ಹಿಂದೆ ಫೋಟೊ ಇರಬೇಕು. ಜೀವಮಾನದಲ್ಲಿ ಫೋಟೊಗೆಂದು ನಿಂತ ಮನುಷ್ಯನಲ್ಲ. ಆಧಾರ್ ಕಾರ್ಡಿನ ಚಿತ್ರವನ್ನೇ ಯಾರೋ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಟ್ಟಿದ್ದರು. ಆಕೆ ಅದನ್ನು ಚೀಲದಿಂದ ತೆಗೆದು ತೋರಿಸಿದರು. ಮುಖ ಕಲಸಿಹೋಗಿತ್ತು.

“ಅಣ್ಣ, ನೀವು ಬ್ಯಾರನ್ ತಾವು ಪೋಟೊ ಇಡ್ದಿದ್ರಲ್ಲ, ಅದೊಂದು ಕೊಡಿ. ಈ ಮೊಕದ ಮುಂದೆ ಎಡೆ ಮಡಗಕ್ಕೆ ನಂಗೆ ಮನಸಿಲ್ಲ,” ಎಂದರು.

ಆಕೆಯ ಗಂಡ ಕೆಲಸ ಮಾಡುತ್ತಿದ್ದ, ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸುವ ಆ ಬ್ಯಾರನ್ ಮನೆಗೆ ಹಿಂದೊಮ್ಮೆ ಸೌದೆ ಅಭಾವದ ಸುದ್ದಿಗಾಗಿ ಹೋಗಿದ್ದೆ. ಆಗ ತೆಗೆದ ಚಿತ್ರ ನೆನಪಿತ್ತು. ನಾಳೆಯೇ ಕೊಡುತ್ತೇನೆ ಎಂದು ಹೇಳಿ ಕಳುಹಿಸಿದೆ.

ನನ್ನ ಕಂಪ್ಯೂಟರಿನಲ್ಲಿ ಆ ಚಿತ್ರವಿದ್ದ ಫೋಲ್ಡರ್ ತೆರೆಯಲಿಲ್ಲ. ಒತ್ತಿದಾಗಲೆಲ್ಲ ಆ ಜಾಗ ಸಿಗುತ್ತಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಬರುತ್ತಿತ್ತು. ಕಂಪ್ಯೂಟರ್ ಮಾರಿದವನಿಗೆ ಫೋನ್ ಮಾಡಿದರೆ, ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಎಂದ. ಮರುದಿನ ಮೇಷ್ಟ್ರ ಅಂಗಡಿಗೆ ಹೋಗಿ ಹೇಳಿದೆ. ಅವರು ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಎಳೆದುಕೊಂಡು, ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಡಿಸ್ಕ್ ಹಿಡಿದು ಮನೆಗೆ ಬಂದರು.

“ಮೊದ್ಲು ಮೌಸ್ ಬುಡಿ ಸ್ವಾಮಿ. ಕೊನೇಲಿ ಏನ್ ಮಾಡಿದ್ರಿ, ಹೇಳಿ.”

ಏನೂ ಮಾಡಿಲ್ಲ ಎಂದೆ.

“ಏನೂ ಮಾಡ್ದೆ ಇದ್ರೆ ಅದ್ಯಾಕೆ ಮುನಿಸ್ಕತ್ತದೆ?”

ಅವರು ವಾದಿಸಲಿಲ್ಲ. ತೆರೆಯುತ್ತಿದ್ದ ಫೋಲ್ಡರ್‌ಗಳನ್ನೆಲ್ಲ ಮೊದಲು ತಾವು ತಂದಿದ್ದ ಡಿಸ್ಕಿಗೆ ನಕಲು ಮಾಡಿಕೊಂಡರು. ಅದಾಗುವವರೆಗೆ ಬೇರೆ ಯಾವುದನ್ನೂ ಮುಟ್ಟಲಿಲ್ಲ, ಕಾಫಿಯನ್ನೂ. ಆಮೇಲೆ ಹಟ ಹಿಡಿದಿದ್ದ ಫೋಲ್ಡರಿನ ವಿಳಾಸವನ್ನು ನೋಟ್‌ಬುಕ್ಕಿಗೆ ಇಳಿಸತೊಡಗಿದರು. ಅರ್ಧ ಪುಟ ತುಂಬಿತು. ನಮ್ಮ ಪತ್ರಿಕೆಯ ಡೆಸ್ಕಿನಲ್ಲಿ ನನಗೆ ಕಲಿಸಿದ್ದು ಒಂದೇ: ಎಲ್ಲಿ, ಯಾವಾಗ, ಏನು ಎಂಬುದು ಮೊದಲ ಸಾಲಿನಲ್ಲೇ ಇರಬೇಕು. ಅದನ್ನು ನಾನು ಫೋಲ್ಡರ್‌ಗಳಿಗೂ ಹಚ್ಚಿದ್ದೆ. ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಗ್ರಾಮ, ಗ್ರಾಮದೊಳಗೆ ಸುದ್ದಿಯ ಪೂರ್ತಿ ತಲೆಬರಹ.

ಮೇಷ್ಟ್ರು ಪೆನ್ಸಿಲ್ ತುದಿಯಿಂದ ಅಕ್ಷರ ಎಣಿಸಿದರು. ಶೀರ್ಷಿಕೆಯನ್ನು ಹಾಳೆಯ ನಡುಮಧ್ಯಕ್ಕೆ ತರಲು ಬೆರಳಚ್ಚಿನವರು ಎಣಿಸುವ ರೀತಿ ಅದು, ತುಟಿ ಅಲುಗದೆ. ನಂತರ ನನ್ನ ಕಡೆ ತಿರುಗಿದರು.

“ಇದು ಫೋಲ್ಡರ್ ಹೆಸ್ರಾ, ಬೀಗ್ರು ಮನೆ ವಿಳಾಸವಾ? ಸುದ್ದಿನೆಲ್ಲ ಹೊರಗೇ ಬರ್ದ್ಬುಟ್ರೆ ಒಳಗೇನು ಮಡಗ್ತೀರಿ?”

ಕಂಪ್ಯೂಟರ್ ಇಷ್ಟು ಉದ್ದದವರೆಗೆ ಮಾತ್ರ ವಿಳಾಸ ಓದುತ್ತದೆ, ಅದಕ್ಕಿಂತ ಉದ್ದವಾದರೆ ಒಳಗೆ ಹೋಗಲಾರದು ಎಂದು ವಿವರಿಸಿದರು. ಕನ್ನಡದಲ್ಲಿ ಒತ್ತು, ಕೊಂಬು, ದೀರ್ಘ ಎಲ್ಲವನ್ನೂ ಅದು ಬೇರೆ ಬೇರೆಯಾಗಿ ಲೆಕ್ಕ ಹಿಡಿಯುತ್ತದಂತೆ. ಹೋದ ವಾರದವರೆಗೂ ತೆರೆಯುತ್ತಿತ್ತಲ್ಲ ಎಂದೆ. ಹೇಳಿದ ಮೇಲೆ ಹೊಳೆಯಿತು. ಭಾನುವಾರ ನಾನೇ ಎಲ್ಲವನ್ನೂ ಒಪ್ಪ ಮಾಡಲು ಹೋಗಿ, ‘ಮೈಸೂರು ಜಿಲ್ಲೆಯ ಹಳೆಯ ವರದಿಗಳು ಮತ್ತು ಛಾಯಾಚಿತ್ರಗಳು’ ಎಂಬ ಹೊಸ ಫೋಲ್ಡರ್ ಮಾಡಿ ಅದರೊಳಗೆ ಎಲ್ಲವನ್ನೂ ಸರಿಸಿದ್ದೆ. ಏನೂ ಮಾಡಿಲ್ಲ ಎಂದಿದ್ದು ಸುಳ್ಳಾಗಿತ್ತು. ಒಪ್ಪಿಕೊಂಡೆ. ಮೇಷ್ಟ್ರು ತಲೆಯಾಡಿಸಿದರು, ಅಷ್ಟೆ.

ಹೊರಗಿನ ಫೋಲ್ಡರಿನ ಹೆಸರು ಅಳಿಸಿ ‘ಹಳೇದು’ ಎಂದು ಬರೆದರು. ಅದರೊಳಗಿನದನ್ನೂ ಚಿಕ್ಕದು ಮಾಡಿದರು. ಒತ್ತಿದರು. ತೆರೆಯಿತು.

ಆ ಮನುಷ್ಯ ಬ್ಯಾರನ್ ಮುಂದೆ ಕುಳಿತು ಕೋಲಿಗೆ ಸೊಪ್ಪು ಪೋಣಿಸುತ್ತಿದ್ದ. ಪಕ್ಕದಲ್ಲಿ ಯಾರೋ ಏನೋ ಅಂದಿರಬೇಕು, ಅತ್ತ ಅರ್ಧ ತಿರುಗಿ ನಗುತ್ತಿದ್ದ...

ಬೆಳಿಗ್ಗೆಯೇ ಬಂದಿದ್ದ ಆಕೆಯನ್ನು ಸಂಜೆ ಮೇಷ್ಟ್ರ ಅಂಗಡಿಗೆ ಬನ್ನಿ ಎಂದು ಕಳುಹಿಸಿದ್ದೆ. ಆಕೆ ಬಂದಾಗ ನಾನೂ ಅಲ್ಲಿದ್ದೆ. ತಡವಾಗಿದ್ದಕ್ಕೆ ಕಾರಣ ನಾನೇ ಹೇಳಬೇಕಿತ್ತು. ನಾನು ಬಾಯಿ ತೆರೆಯುವ ಮುಂಚೆ ಮೇಷ್ಟ್ರು, ಕಂಪ್ಯೂಟರ್ ಕೆಟ್ಟಿತ್ತು, ಈಗ ಸರಿಹೋಯಿತು ಎಂದುಬಿಟ್ಟರು. ನಂತರ ಪರದೆಯನ್ನು ಆಕೆಯ ಕಡೆ ತಿರುಗಿಸಿ, ಚಿತ್ರದಲ್ಲಿ ಹಿಂದುಗಡೆಯಿದ್ದ ಬ್ಯಾರನ್ನಿನ ಮಸಿ ಗೋಡೆ ತೆಗೆದು ಎಲ್ಲರಂತೆ ನೀಲಿ ಬಣ್ಣ ಹಾಕಲೇ ಎಂದು ಕೇಳಿದರು.

ಆಕೆ ಬಹಳ ಹೊತ್ತು ನೋಡಿದರು.

“ಬ್ಯಾಡಿ ಮೇಷ್ಟ್ರೇ, ಬ್ಯಾರನ್ ಅಂಗೇ ಇರ್ಲಿ. ಅವ್ರು ಇದ್ದಿದ್ದೇ ಅಲ್ಲಿ.”

ಮೇಷ್ಟ್ರು ಗೋಡೆಯನ್ನು ಮುಟ್ಟಲಿಲ್ಲ. ಚಿತ್ರದಲ್ಲಿ ಆ ಮನುಷ್ಯನ ಹಣೆಯ ಮೇಲಿದ್ದ ಸೊಪ್ಪಿನ ಅಂಟಿನ ಕಲೆಯನ್ನೂ ಹಾಗೇ ಬಿಟ್ಟರು.

ಅಲ್ಲಿಂದೀಚೆಗೆ ನನ್ನ ಕಂಪ್ಯೂಟರ್ ಕೈಕೊಟ್ಟಾಗಲೆಲ್ಲ ಮೊದಲು ಮೌಸ್ ಬಿಟ್ಟು, ಕೊನೆಯಲ್ಲಿ ಏನು ಮಾಡಿದೆ ಎಂದು ಕಾಗದದ ಮೇಲೆ ಬರೆಯುತ್ತೇನೆ. ಹತ್ತರಲ್ಲಿ ಎಂಟು ಸಲ ಉತ್ತರ ಅಲ್ಲೇ ಸಿಕ್ಕಿದೆ. ಇದನ್ನು ಅವರಿಗೆ ಹೇಳಬೇಕು ಎಂದುಕೊಂಡಿದ್ದೆ. ದಿನವೂ ಅದೇ ರಸ್ತೆಯಲ್ಲಿ ಓಡಾಡುತ್ತಿದ್ದರೂ ಹೇಳಲಿಲ್ಲ. ಅವರು ಹೋದ ದಿನ ನಾನು ಪಿರಿಯಾಪಟ್ಟಣದಲ್ಲಿ ಸಭೆಯೊಂದರ ವರದಿಗೆ ಕುಳಿತಿದ್ದೆ. ತಿಳಿದಿದ್ದು ಸಂಜೆ...

ಅಂಗಡಿ ಖಾಲಿಯಾದ ದಿನ ಗಾವಡಗೆರೆ ಕಡೆಯ ಆ ಮನೆಗೆ ಫೋನ್ ಮಾಡಿದೆ. ಮೇಷ್ಟ್ರು ಇಲ್ಲ ಎಂಬುದು ಆಕೆಗೆ ಗೊತ್ತಿರಲಿಲ್ಲ. ಮೇಷ್ಟ್ರಿಗೆ ತಿನ್ನಲು ಏನು ಇಷ್ಟವಿತ್ತು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮೇಷ್ಟ್ರ ಹೆಂಡತಿಯನ್ನು ಕೇಳಿ ತಿಳಿಸಿದೆ: ಕಜ್ಜಾಯ.

ಮೊನ್ನೆ ಮಹಾಲಯ ಅಮಾವಾಸ್ಯೆಯಂದು ಆ ಮನೆಯಲ್ಲಿ ಎರಡು ಎಲೆ ಹಾಕಿ ಎಡೆ ಇಟ್ಟರು. ಎರಡನೆಯ ಎಲೆಗೆ ಕಜ್ಜಾಯ ಬಡಿಸಿದ್ದರು.