ಕೆಂಪು ಚಿಂದಿ ಕಟ್ಟಿದ ಚೀಲ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಆಕೆಯನ್ನು ನೋಡಲು ದೇವಣಗಾಂವದಿಂದ ಸಿಂದಗಿಯ ಬೀಗರ ಮನೆಗೆ ಬರುವಾಗ ಬಸ್ಸಿನಲ್ಲಿ ಎಲ್ಲರಿಗೂ ಹೇಳಿದೆ, ಕಂಡಕ್ಟರನಿಗಂತೂ ಎರಡು ಸಲ. ಕೂಸಿಗೆಂದು ನನ್ನ ಮದುವೆ ಸೀರೆಯ ಸೆರಗು ಕತ್ತರಿಸಿ ತಲೆಗೆ ತೊಡಿಸುವ ಕುಂಚಿಗೆ ಹೊಲಿದಿದ್ದೆ. ಅದನ್ನು ತೊಳೆದೊಣಗಿಸಿದ ಗೊಬ್ಬರದ ಚೀಲಕ್ಕೆ ಹಾಕಿ, ಉಳಿದ ಕೆಂಪು ಚೂರನ್ನೇ ಚೀಲದ ಬಾಯಿಗೆ ಕಟ್ಟಿದ್ದೆ.

ಸಿಂದಗಿ ಬಸ್ ನಿಲ್ದಾಣದಲ್ಲಿ ನೀರು ಕುಡಿದು ತಿರುಗಿದರೆ ಚೀಲವೇ ಇಲ್ಲ! ಕಂಡಕಂಡವರನ್ನೆಲ್ಲ ಕೇಳಿದೆ. ಶೇಂಗಾ ಮಾರುವವನು ಗೋಡೆಯಾಚೆ ಕೈ ತೋರಿಸಿದ.

ಅಲ್ಲಿ ಚಿಂದಿ ಆಯುವ ಹೆಂಗಸರು ಬಾಟಲಿ, ರಟ್ಟು, ತಗಡು ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದರು. ಮೆಹಬೂಬಿ ಎಂಬಾಕೆಯ ಪಕ್ಕದಲ್ಲಿ ನನ್ನ ಚೀಲ ಕೂತಿತ್ತು.

“ಯವ್ವಾ, ನನ್ನ ಚೀಲ ಯಾಕ ತಂದ್ರಿ?”

“ಸಿಟ್ಟಾಗಬ್ಯಾಡ್ರಿ ಆಯಿ. ನಮ್ಮ ಚೀಲಕ್ಕ ಒಬ್ಬೊಬ್ಬರದು ಒಂದೊಂದು ಬಣ್ಣದ ಚಿಂದಿ. ಕೆಂಪು ನಂದು. ಯಾರ ಚೀಲ ಎಲ್ಲಿ ಕಂಡ್ರೂ ಹೊತ್ತು ತಂದು ಅವರ ಕಡೆ ಇಡ್ತೇವಿ. ನಮ್ಮ ಕಸ್ತೂರಿ ಇದೂ ನಂದಂತ ತಿಳದಾಳ.”

“ಬಿಚ್ಚಿ ನೋಡಿದ್ಯೇನು?”

“ಬಿಚ್ಚಿದ್ನಿರಿ. ಕುಂಚಿಗಿ ಕಂಡಕೂಡ್ಲೇ ಕೈ ಹಿಂದ ತಗೊಂಡ್ನಿ. ಕೂಸಿನ ಅರಿವಿ ಮುಟ್ಟೋ ಕೈ ಏನ್ರಿ ಇವು?”

“ಯಾಕಲ್ಲ? ಮುಟ್ಟೋ ಕೈನ ಇವು! ನಡಿ ನಮ್ಮ ಬೀಗರ ಮನಿಗೆ. ಕೈ ತೊಳಕೊಂಡು ನೀನ ತೊಡಸು.”

“ಹೋಗ, ಮೆಹಬೂಬಿ! ನಿನ್ನ ಗುಡ್ಡಿ ನಾ ಕಾಯ್ತೇನಿ,” ಎಂದು ಕಸ್ತೂರಿ ನಕ್ಕಳು.

ಸಂಜೆ ಬೀಗರ ಮನೆಯಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಕುಂಚಿಗೆ ತೊಟ್ಟ ಕೂಸು ಮೆಹಬೂಬಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಎಲ್ಲಿ ಎದ್ದೀತೋ ಎಂದು ಆಕೆ ಕೈ ಅಲುಗಿಸಲೊಲ್ಲಳು. ಹೋಳಿಗೆಯ ತುತ್ತು ಮಾಡಿ ನಾನೇ ಆಕೆಯ ಬಾಯಿಗಿಟ್ಟೆ.