ತೋರ್ಪೇಕೈ ಖಾಲಾ ಮತ್ತು ಗೋಡೆಯತ್ತ ತಿರುಗಿದ ಗಂಡಸರು

ಕಾಬೂಲಿನಲ್ಲಿ ಪರದೇಶದ ಸರಕಾರಕ್ಕೆ ದುಡಿದು, ಆ ತಪ್ಪಿಗೇ ಜೀವ ಕೈಯಲ್ಲಿ ಹಿಡಿದುಕೊಂಡು, ಅದೇ ದೇಶದ ವಿಶೇಷ ವೀಸಾಕ್ಕಾಗಿ ಕಾಯುತ್ತಿರುವ ನಮ್ಮಂಥ ದುಭಾಷಿ, ಚಾಲಕ, ಕಾವಲುಗಾರರಲ್ಲಿ ತೋರ್ಪೇಕೈ ಖಾಲಾ ಅವರ ಋಣವಿಲ್ಲದವರು ವಿರಳ. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಮನೆಯ ಹಿಂಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದ, ಆಮೇಲೆ ರಾಯಭಾರ ಕಚೇರಿಯ ವೀಸಾ ಕಿಟಕಿಯಲ್ಲಿ ಅಧಿಕಾರಿಯ ಪಕ್ಕ ಕುಳಿತು ನಮ್ಮ ಮಾತನ್ನು ಅವರ ಭಾಷೆಗೆ ದಾಟಿಸಿದ ಈ ಹಿರಿಯರು, ನಾವೆಲ್ಲ ಖಾಲಾ ಅಂದರೆ ಚಿಕ್ಕಮ್ಮ ಎಂದು ಕರೆಯುವವರು, ಈಗ ನಿವೃತ್ತರಾಗುತ್ತಿದ್ದಾರೆ. ಅವರ ಗುಣ ಹೇಳಲು ಬಾರ್ಯಾಲೈಯ ಪ್ರಸಂಗವೊಂದೇ ಸಾಕು.

ಆ ಪರದೇಶದ ಸೈನ್ಯದ ಟ್ರಕ್ ಓಡಿಸುತ್ತಿದ್ದ ಬಾರ್ಯಾಲೈಯ ಬಾಗಿಲಿಗೆ ಯಾರೋ ಬೆದರಿಕೆ ಪತ್ರ ಅಂಟಿಸಿ ಹೋಗಿದ್ದರು. ಸಂದರ್ಶನದ ದಿನ ಅವನು ವೀಸಾ ಕಿಟಕಿಯ ಮುಂದೆ ಬಂದು ನಿಂತ. ಅವನ ಹಿಂದೆ ಸಾಲಿನಲ್ಲೇ ಸೋದರಮಾವನ ಮಗ ನಿಂತಿದ್ದ.

"ಹೆಂಡತಿಯ ಹೆಸರು?" ಎಂದು ಅಧಿಕಾರಿ ಖಾಲಾ ಮೂಲಕ ಕೇಳಿದರು.

"ಮಕ್ಕಳ ತಾಯಿ," ಎಂದ ಬಾರ್ಯಾಲೈ.

ಮತ್ತೆ ಕೇಳಿದರು. "ನಮ್ ಮನೆಯವಳು," ಎಂದ. ನಾಲ್ಕು ಗಂಡಸರ ಮುಂದೆ ಹೆಂಡತಿಯ ಹೆಸರೆತ್ತುವುದು ನಮ್ಮಲ್ಲಿ ಮಾನಗೇಡು. ಹೆಸರೇ ಗೊತ್ತಿಲ್ಲದವನ ಮದುವೆ ಸುಳ್ಳಿರಬೇಕೆಂಬುದು ಅಧಿಕಾರಿಯ ಲೆಕ್ಕ. ಅವರು ಕಡತ ಮುಚ್ಚಲು ಕೈ ಹಾಕಿದರು. ಮುಚ್ಚಿದ್ದರೆ ಆಚೆ ಹೆಂಗಸರ ಬೆಂಚಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಅವನ ಹೆಂಡತಿ ಇಲ್ಲೇ ಉಳಿಯುತ್ತಿದ್ದಳು.

ಅವನ ಪರವಾಗಿ ಉತ್ತರಿಸಲು ಖಾಲಾಗೆ ಅಧಿಕಾರವಿರಲಿಲ್ಲ. ಅವರು ಅಧಿಕಾರಿಗೆ ನಮ್ಮ ರೂಢಿಯನ್ನು ವಿವರಿಸಿ ಒಂದು ನಿಮಿಷ ಬೇಡಿಕೊಂಡು, ಎದ್ದು ನಿಂತರು.

"ಬಾಂಬ್ ಹೂತಿಟ್ಟ ರಸ್ತೇಲಿ ಟ್ರಕ್ ಓಡಿಸಿದ ಗಂಡು, ಹೆಂಡ್ತಿ ಹೆಸರಿಗೆ ನಾಲಿಗೆ ಬಿದ್ದುಹೋಯ್ತೇನೋ?"

"ಖಾಲಾ ಜಾನ್, ಹಿಂದೆ ಜನ ಇದಾರೆ..."

"ಏ, ಹಿಂದಿನವರೆಲ್ಲ ಗೋಡೆ ಕಡೆ ತಿರುಗಿ! ಕಿವಿ ಮುಚ್ಕೊಳ್ಳಿ!"

ಗಡ್ಡ ನೆರೆತವರೂ ಸೇರಿ ಅಷ್ಟೂ ಗಂಡಸರು ಶಾಲೆಯ ಹುಡುಗರಂತೆ ಗೋಡೆಗೆ ಮುಖ ಮಾಡಿದರು. ಬಾರ್ಯಾಲೈ ಹೆಸರು ಹೇಳಿದ. ಅಧಿಕಾರಿಗೆ ಕೇಳಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಹೇಳಿದ. ಈ ಸಲ ಹೆಂಗಸರ ಬೆಂಚಿಗೂ ಕೇಳಿಸಿತು. ಕಡತ ಮುಂದಕ್ಕೆ ಹೋಯಿತು.

ಹೊರಗೆ ಬಂದ ಮೇಲೆ ಹೆಂಡತಿ ಕುಟುಕಿದಳಂತೆ: "ಮದುವೆಯಾಗಿ ಇಷ್ಟು ವರ್ಷಕ್ಕೆ ನಿಮ್ಮ ಬಾಯಲ್ಲಿ ನನ್ನ ಹೆಸರು ಬರೋಕೆ ಪರದೇಶದವನೇ ಬೇಕಾಯ್ತಾ?"

ಆದರೆ ವೀಸಾ ಇನ್ನೂ ಬಂದಿಲ್ಲ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರವೊಂದೇ. ಬಾರ್ಯಾಲೈ ಎರಡು ಸಲ ಮನೆ ಬದಲಿಸಿದ್ದಾನೆ, ಬೀದಿಯಲ್ಲಿ ಮೋಟಾರ್‌ಸೈಕಲ್ ನಿಂತರೆ ದೀಪ ಆರಿಸುತ್ತಾನೆ. ಬೀಳ್ಕೊಡುಗೆಗೆ ಸೇರಿದ್ದ ನಾವೆಲ್ಲ ಖಾಲಾ ಅವರನ್ನು ಹೊಗಳಿ ಕುಳಿತ ಮೇಲೆ ಅವನು ಎದ್ದು ಕೇಳಿದ: "ಖಾಲಾ ಜಾನ್, ನಾಳೆಯಿಂದ ಕಿಟಕಿಯ ಆ ಕಡೆ ಯಾರಿರ್ತಾರೆ?"



ಖಾಲಾ ಅವರಿಗೆ ದೀರ್ಘಾಯುಸ್ಸು ದೊರೆಯಲಿ. ಕುರ್ಚಿ ಬಿಟ್ಟರೂ ಅವರು ನಮ್ಮ ಫೋನು ಎತ್ತುವುದನ್ನು ಬಿಡದಿರಲಿ. ಈ ಹಾರೈಕೆಯಲ್ಲಿ ಸ್ವಾರ್ಥವಿದೆ, ಮುಚ್ಚಿಡುವುದಿಲ್ಲ. ಹೆದರಿದವರ ಹಾರೈಕೆ ಹೀಗೇ ಇರುತ್ತದೆ.